ಪದ ಪರಿಚಯ: ವೋಟ್ ಶೇರ್ ಚೇಂಜ್ – ಬ್ರಿಟನ್ನಿನ ವಾರ್ಡ್ ಬೈ-ಎಲೆಕ್ಷನ್ನಲ್ಲಿ ಆ ಪ್ಲಸ್ಸು ಮೈನಸ್ಸು ಓದೋದು ಹೆಂಗೆ

ಬ್ರಿಟನ್ನಲ್ಲಿ ಗುರುವಾರ ಬಂತಂದ್ರೆ ಹೆಚ್ಚುಕಮ್ಮಿ ಪ್ರತಿ ವಾರ ಎಲ್ಲೋ ಒಂದು ಕಡೆ ಕೌನ್ಸಿಲ್ (ನಮ್ಮ ನಗರಸಭೆ ತರದ ಸ್ಥಳೀಯ ಆಡಳಿತ) ಬೈ-ಎಲೆಕ್ಷನ್ ಇರತ್ತೆ. ಒಬ್ಬ ಕೌನ್ಸಿಲರ್ ತೀರ್ಕೊಂಡಿರ್ತಾರೆ, ಇನ್ನೊಬ್ರು ಕೆಲಸ ಸಿಕ್ತು ಅಂತ ಬೇರೆ ಊರಿಗೆ ಹೋಗಿ ರಾಜೀನಾಮೆ ಕೊಟ್ಟಿರ್ತಾರೆ, ಮತ್ತೊಬ್ರು ಅನುಮತಿ ತಗೊಳ್ದೆ ಆರು ತಿಂಗಳು ಒಂದು ಮೀಟಿಂಗಿಗೂ ಹೋಗದೆ 1972ರ ಲೋಕಲ್ ಗವರ್ನಮೆಂಟ್ ಆಕ್ಟ್ ಪ್ರಕಾರ ಸೀಟು ಕಳ್ಕೊಂಡಿರ್ತಾರೆ, ಹಿಂಗೆ ಖಾಲಿಯಾದ ಆ ಒಂದು ಸೀಟಿಗೆ ಆ ಒಂದು ವಾರ್ಡಲ್ಲಿ ಮಾತ್ರ ಮತದಾನ. ರಾತ್ರಿ ಹತ್ತಕ್ಕೆ ಮತಗಟ್ಟೆ ಮುಚ್ಚಿದ್ರೆ ಎಷ್ಟೋ ಕಡೆ ಮಧ್ಯರಾತ್ರಿ ಹೊತ್ತಿಗೆಲ್ಲ ಫಲಿತಾಂಶ ಬಂದಿರತ್ತೆ, ಪಕ್ಷದ ಹೆಸರು, ಪಕ್ಕದಲ್ಲಿ ಶೇಕಡಾ ಎಷ್ಟು, ಅದರ ಪಕ್ಕ ಬ್ರಾಕೆಟ್ಟಲ್ಲಿ ಒಂದು ಪ್ಲಸ್ಸೋ ಮೈನಸ್ಸೋ.

ಆ ಬ್ರಾಕೆಟ್ಟಲ್ಲಿರೋ ನಂಬರ್ರೇ ವೋಟ್ ಶೇರ್ ಚೇಂಜ್, ಅಂದ್ರೆ ಬಿದ್ದ ವೋಟಲ್ಲಿ ಆ ಪಕ್ಷದ ಪಾಲು ಹೋದ ಸಲಕ್ಕಿಂತ ಎಷ್ಟು ಏರ್ತು, ಎಷ್ಟು ಇಳೀತು ಅನ್ನೋದು. ಇಲ್ಲಿರೋ ಕನ್ನಡದ ಸ್ನೇಹಿತರು ಅದನ್ನ ನೋಡಿ "ಲೇಬರ್ ಕಥೆ ಮುಗೀತು", "ಗ್ರೀನ್ ಅಲೆ ಎದ್ದಿದೆ" ಅಂತ ಕಳಿಸ್ತಾ ಇರ್ತಾರೆ, ನಂಗೆ ಪ್ರತಿ ಸಲ ಉತ್ತರ ಬರೀಬೇಕು ಅನ್ಸತ್ತೆ, ಅದಕ್ಕೆ ಒಂದೇ ಸಲ ಇಲ್ಲಿ ಬರೆದುಬಿಡ್ತೀನಿ.

ಮೊದಲು ಚಿಕ್ಕ ವಿಷಯ ಮುಗಿಸ್ಕೊಳ್ಳೋಣ. ಒಂದು ಪಕ್ಷಕ್ಕೆ ಹೋದ ಸಲ 20%, ಈ ಸಲ 25% ಬಂದ್ರೆ ಬ್ರಾಕೆಟ್ಟಲ್ಲಿ +5 ಅಂತ ಬರೀತಾರೆ. ಇದು ಐದು ಪರ್ಸೆಂಟ್ ಏರಿಕೆ ಅಲ್ಲ, ಐದು ಪರ್ಸೆಂಟೇಜ್ ಪಾಯಿಂಟ್ ಏರಿಕೆ. ಲೆಕ್ಕ ಹಾಕಿದ್ರೆ 20ರಿಂದ 25ಕ್ಕೆ ಹೋಗೋದು ಕಾಲು ಭಾಗ ಜಾಸ್ತಿ ಆದಂಗೆ. ಟಿವಿಯವರೂ ಎಷ್ಟೋ ಸಲ ಪಾಯಿಂಟ್ ಅನ್ನೋ ಪದ ಬಿಟ್ಟು ಮಾತಾಡ್ತಾರೆ, ಹಂಗಾಗಿ ಕೇಳೋವಾಗ ನಾವೇ ಅದನ್ನ ಸೇರಿಸ್ಕೊಂಡು ಕೇಳ್ಬೇಕು.

ಈಗ ನಿಜವಾದ ತೊಡಕಿಗೆ ಬರ್ತೀನಿ. "ಹೋದ ಸಲ" ಅಂದ್ರೆ ಯಾವುದು, ಹೋದ ಸಲದ ಪರ್ಸೆಂಟನ್ನ ಯಾರು ಹೆಂಗೆ ಲೆಕ್ಕ ಹಾಕಿದ್ರು? ಥೇಮ್ಸ್ ದಂಡೆ ಮೇಲೆ ಬಸವಣ್ಣನವರ ಪ್ರತಿಮೆ ಇರೋ ಲ್ಯಾಂಬೆತ್ ನಮ್ಮೋರಿಗೆಲ್ಲ ಗೊತ್ತು, ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅವರು ಅಲ್ಲಿ ಕೌನ್ಸಿಲರ್ ಆಗಿ ಮೇಯರ್ ಕೂಡ ಆಗಿದ್ರು. ಅಂಥ ಲಂಡನ್ ಬರೋಗಳಲ್ಲಿ (borough, ಲಂಡನ್ನಿನ ಸ್ಥಳೀಯ ಆಡಳಿತದ ವಿಭಾಗ) ಒಂದು ವಾರ್ಡಿಗೆ ಸಾಮಾನ್ಯವಾಗಿ ಎರಡು ಇಲ್ಲ ಮೂರು ಕೌನ್ಸಿಲರ್‌ಗಳು, ಎಲ್ಲರನ್ನೂ ನಾಲ್ಕು ವರ್ಷಕ್ಕೊಮ್ಮೆ ಒಂದೇ ದಿನ ಆರಿಸ್ತಾರೆ, ಮೂರು ಸೀಟಿದ್ರೆ ಒಬ್ಬ ಮತದಾರ ಮೂರು ಕ್ರಾಸ್ (X ಗುರುತು, ಅಂದ್ರೆ ವೋಟು) ಹಾಕಬಹುದು, ಎರಡು ಹಾಕಿ ಬರಬಹುದು, ಒಂದೇ ಹಾಕಿ ಬರಬಹುದು. ಬೈ-ಎಲೆಕ್ಷನ್ನಲ್ಲಿ ಮಾತ್ರ ಸೀಟು ಒಂದು, ಕ್ರಾಸೂ ಒಂದು. ಅಂದ್ರೆ ಹೋದ ಸಲದ ಚುನಾವಣೆನೇ ಬೇರೆ ತರದ್ದು, ಈ ಸಲದ್ದು ಬೇರೆ ತರದ್ದು, ಆದ್ರೂ ಎರಡರ ಮಧ್ಯೆ ಕಳೆಯೋ ಲೆಕ್ಕ ಮಾಡ್ತೀವಿ.

ಒಂದು ಕಾಲ್ಪನಿಕ ವಾರ್ಡ್ ಇಟ್ಕೊಳ್ಳೋಣ, ನಂಬರ್‌ಗಳೆಲ್ಲ ನಾನೇ ಇಟ್ಟಿದ್ದು, ಪೆನ್ನು ಪೇಪರ್ ತಗೊಂಡು ಜೊತೆಗೆ ಲೆಕ್ಕ ಮಾಡಿ. ಮೂರು ಸೀಟಿನ ವಾರ್ಡು. ಹೋದ ಸಲ ಲೇಬರ್ ಮೂರು ಜನರನ್ನ ನಿಲ್ಲಿಸ್ತು, ಅವರಿಗೆ 1500, 1350, 1250 ವೋಟು. ಕನ್ಸರ್ವೇಟಿವ್ ಮೂವರಿಗೆ 900, 850, 800. ಗ್ರೀನ್ ಪಾರ್ಟಿಗೆ ಜನ ಸಾಲದೆ ಒಬ್ಬರನ್ನೇ ನಿಲ್ಲಿಸಿದ್ರು, ಅವರಿಗೆ 700. ಲಿಬರಲ್ ಡೆಮಾಕ್ರಾಟ್ ಒಬ್ರು, 400. ಈಗ ಬೈ-ಎಲೆಕ್ಷನ್: ಲೇಬರ್ 700, ಗ್ರೀನ್ 500, ಕನ್ಸರ್ವೇಟಿವ್ 400, ಹೊಸದಾಗಿ ಬಂದ ರಿಫಾರ್ಮ್ ಯುಕೆ 400, ಲಿಬರಲ್ ಡೆಮಾಕ್ರಾಟ್ ನಿಲ್ಲಲೇ ಇಲ್ಲ. ಒಟ್ಟು 2000, ಹಂಗಾಗಿ ಈ ಸಲದ ಶೇರ್ ಲೇಬರ್ 35, ಗ್ರೀನ್ 25, ಮಿಕ್ಕ ಇಬ್ಬರಿಗೂ ತಲಾ 20.

ಹೋದ ಸಲದ್ದು? ಪ್ರತಿ ಪಕ್ಷದಲ್ಲಿ ಅತಿ ಹೆಚ್ಚು ವೋಟು ತಗೊಂಡ ಅಭ್ಯರ್ಥಿನ ಮಾತ್ರ ಹಿಡ್ಕೊಂಡು ಲೆಕ್ಕ ಹಾಕೋದು ಒಂದು ರೀತಿ. ಆಗ 1500, 900, 700, 400 ಸೇರಿ 3500, ಲೇಬರ್ 42.9, ಕನ್ಸರ್ವೇಟಿವ್ 25.7, ಗ್ರೀನ್ 20, ಲಿಬರಲ್ ಡೆಮಾಕ್ರಾಟ್ 11.4. ಈ ಲೆಕ್ಕದಲ್ಲಿ ಲೇಬರ್ –7.9, ಗ್ರೀನ್ +5. ಇನ್ನೊಂದು ರೀತಿ, ಎಲ್ಲ ಅಭ್ಯರ್ಥಿಗಳ ಎಲ್ಲ ವೋಟನ್ನೂ ಕೂಡಿಸೋದು. ಆಗ ಲೇಬರ್ 4100, ಕನ್ಸರ್ವೇಟಿವ್ 2550, ಗ್ರೀನ್ 700, ಲಿಬರಲ್ ಡೆಮಾಕ್ರಾಟ್ 400, ಒಟ್ಟು 7750, ಲೇಬರ್ 52.9 ಆಗತ್ತೆ, ಗ್ರೀನ್ ಬರೀ 9. ಈಗ ಚೇಂಜ್ ನೋಡಿ: ಲೇಬರ್ –17.9, ಗ್ರೀನ್ +16!

ಅದೇ ವಾರ್ಡು, ಅದೇ ಮತಪೆಟ್ಟಿಗೆ, ಒಂದು ವೋಟೂ ಆಕಡೆ ಈಕಡೆ ಆಗಿಲ್ಲ. ಒಬ್ಬರು +5 ಅಂತಾರೆ, ಇನ್ನೊಬ್ರು +16 ಅಂತಾರೆ, ಇಬ್ಬರೂ ಸುಳ್ಳು ಹೇಳ್ತಿಲ್ಲ. ಎರಡನೇ ಲೆಕ್ಕದಲ್ಲಿ ಗ್ರೀನ್ ಪಾರ್ಟಿ ಒಬ್ಬರನ್ನೇ ನಿಲ್ಲಿಸಿದ್ದಕ್ಕೆ ದಂಡ ಕಟ್ಟಿದಂಗಾಗಿದೆ, ಅವರಿಗೆ ವೋಟು ಹಾಕಿದೋರು ಉಳಿದ ಎರಡು ಕ್ರಾಸ್ ಯಾರಿಗೋ ಹಾಕಿರ್ತಾರೆ, ಅದೂ ಬೇರೆ ಪಕ್ಷದ ಲೆಕ್ಕಕ್ಕೆ ಸೇರ್ಕೊಂಡಿರತ್ತೆ. ಅಭ್ಯರ್ಥಿಗಳ ಸರಾಸರಿ ತಗೊಳ್ಳೋ ಮೂರನೇ ರೀತಿನೂ ಇದೆ, ಈ ವಾರ್ಡಲ್ಲಿ ಅದು ಮೊದಲನೇದಕ್ಕೆ ಹತ್ತಿರನೇ ಬರತ್ತೆ. ನನ್ನ ಮಟ್ಟಿಗೆ ಮೊದಲನೇದೇ ವಾಸಿ, ಯಾಕಂದ್ರೆ ಬೈ-ಎಲೆಕ್ಷನ್ನಲ್ಲಿ ಪಕ್ಷಕ್ಕೊಬ್ಬರೇ ನಿಲ್ಲೋದು, ಹೋಲಿಸೋದಾದ್ರೆ ಒಬ್ಬರಿಗೆ ಒಬ್ಬರನ್ನೇ ಹೋಲಿಸ್ಬೇಕು. ಆದ್ರೆ ಯಾವ ರೀತಿ ಹಿಡಿದಿದ್ದಾರೆ ಅಂತ ಎಲ್ಲೂ ಬರೀದೇ ಇದ್ರೆ ಆ ಬ್ರಾಕೆಟ್ಟಿನ ನಂಬರ್ರಿಗೆ ನಾನಂತೂ ಬೆಲೆ ಕೊಡಲ್ಲ.

ಅದೇ ವಾರ್ಡನ್ನ ಇನ್ನೊಂದ್ಸಲ ನೋಡಿ. ಗ್ರೀನ್ ಶೇರ್ ಏರಿದೆ, ಸರಿ, ಆದ್ರೆ ವೋಟು 700 ಇದ್ದಿದ್ದು 500ಕ್ಕೆ ಇಳಿದಿದೆ. ಲೇಬರ್ ಅರ್ಧಕ್ಕಿಂತ ಕಮ್ಮಿ. ಹೋದ ಸಲಕ್ಕಿಂತ ಜಾಸ್ತಿ ವೋಟು ಬಂದಿರೋದು ಹೋದ ಸಲ ನಿಲ್ಲದೇ ಇದ್ದ ಪಕ್ಷಕ್ಕೆ ಮಾತ್ರ. ಶೇರ್ ಅನ್ನೋದು ಊರಿನ ಜನರ ಪಾಲಲ್ಲ, ಆ ದಿನ ಮನೆ ಬಿಟ್ಟು ಬಂದೋರ ಪಾಲು. ಮಾಮೂಲಿ ಕೌನ್ಸಿಲ್ ಚುನಾವಣೆಗೇ ಎಷ್ಟೋ ಕಡೆ ಸುಮಾರು ಮೂರರಲ್ಲಿ ಒಬ್ಬರು ಬರ್ತಾರೆ, ಬೈ-ಎಲೆಕ್ಷನ್ ಅಂದ್ರೆ ಎಷ್ಟೋ ಕಡೆ ಐದರಲ್ಲಿ ಒಬ್ಬರು. ನಾನು ಇಲ್ಲಿ ಮೊದಲ ಸಲ ವೋಟು ಹಾಕಿದ್ದು ಅಂಥದ್ದೇ ಒಂದು ಬೈ-ಎಲೆಕ್ಷನ್ನಲ್ಲಿ. ನವೆಂಬರ್ ತಿಂಗಳು, ಸಂಜೆ ಐದಕ್ಕೇ ಕತ್ತಲೆ, ಜಿಟಿಜಿಟಿ ಮಳೆ, ಚರ್ಚ್ ಹಾಲಿನ ಒಳಗೆ ಇಬ್ಬರು ಸಿಬ್ಬಂದಿ ಕೋಟು ಹಾಕ್ಕೊಂಡೇ ಕೂತಿದ್ರು, ಒಬ್ಬರು ಸ್ಕೇಲ್ ಇಟ್ಟು ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ನಿಧಾನಕ್ಕೆ ಗೆರೆ ಎಳೆದ್ರು, ಆ ಪುಟದಲ್ಲಿ ಗೆರೆ ಬಿದ್ದಿದ್ದ ಹೆಸರು ನನ್ನದೂ ಸೇರಿ ನಾಲ್ಕೋ ಐದೋ. ಬೂತಲ್ಲಿ ದಾರ ಕಟ್ಟಿದ ಪೆನ್ಸಿಲ್ಲು. ಆ ಪುಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ, ಟರ್ನ್‌ಔಟ್ ಅನ್ನೋ ಪದದ ಅರ್ಥ ನಂಗೆ ಗೊತ್ತಾಗಿದ್ದು ಅಲ್ಲಿ. (ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಇಲ್ಲಿ ವಾಸ ಇರೋ ನಮ್ಮೋರಿಗೂ ಕಾಮನ್‌ವೆಲ್ತ್ ಪ್ರಜೆ ಅನ್ನೋ ಲೆಕ್ಕದಲ್ಲಿ ವೋಟಿದೆ, ಹೆಸರು ನೋಂದಾಯಿಸ್ಬೇಕು ಅಷ್ಟೆ. 2023ರಿಂದ ಇಂಗ್ಲೆಂಡಿನ ಕೌನ್ಸಿಲ್ ಚುನಾವಣೆಗಳಲ್ಲಿ ಫೋಟೋ ಐಡಿ ಕಡ್ಡಾಯ, ಅದಕ್ಕೆ ನಮ್ಮ ನೀಲಿ ಪಾಸ್‌ಪೋರ್ಟೇ ನಡೆಯತ್ತೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ದಯವಿಟ್ಟು ಗೊತ್ತಿಲ್ಲದೋರಿಗೆ ಹೇಳಿ.)

ಹಂಗಾಗಿ ಮೈನಸ್ ಕಂಡ ತಕ್ಷಣ ಆ ಪಕ್ಷದ ಮತದಾರರು ಬೇರೆ ಪಕ್ಷಕ್ಕೆ ಹೋದ್ರು ಅನ್ನೋಕಾಗಲ್ಲ, ಅವರು ಮನೇಲೇ ಕೂತಿರಬಹುದು. ಯಾವ ಪಕ್ಷಕ್ಕೆ ಬಾಗಿಲು ಬಾಗಿಲಿಗೆ ಹೋಗಿ ಎಬ್ಬಿಸ್ಕೊಂಡು ಬರೋ ಜನ ಇದ್ದಾರೋ ಅದಕ್ಕೆ ಬೈ-ಎಲೆಕ್ಷನ್ನಲ್ಲಿ ಲಾಭ ಜಾಸ್ತಿ. ಲಿಬರಲ್ ಡೆಮಾಕ್ರಾಟರು ಇದರಲ್ಲಿ ಪಳಗಿದೋರು, ಗೆಲ್ಲಬಹುದು ಅನ್ನಿಸಿದ ಒಂದು ವಾರ್ಡಿಗೆ ಸುತ್ತಮುತ್ತಲ ಊರಿನ ಕಾರ್ಯಕರ್ತರನ್ನೆಲ್ಲ ತಂದು ಸುರೀತಾರೆ, ಪಕ್ಕದ ವಾರ್ಡಲ್ಲಿ ಹೆಸರಿಗೊಬ್ಬರನ್ನ ನಿಲ್ಲಿಸಿ ಸುಮ್ಮನಾಗ್ತಾರೆ. ಇಂಥ ಹೆಸರಿಗೆ ನಿಂತೋರಿಗೆ ಇಲ್ಲಿ ಪೇಪರ್ ಕ್ಯಾಂಡಿಡೇಟ್ ಅಂತಾರೆ. ಕೌನ್ಸಿಲ್ ಚುನಾವಣೆಗೆ ಠೇವಣಿನೇ ಇಲ್ಲ, ಹಂಗಾಗಿ ಯಾರನ್ನಾದ್ರೂ ನಿಲ್ಲಿಸೋದು ಸುಲಭ. ಹೋದ ಸಲ ಪೇಪರ್ ಕ್ಯಾಂಡಿಡೇಟ್ ಇದ್ದು ಈ ಸಲ ಮೈಮುರಿದು ದುಡಿದ್ರೆ +25 ಬರೋದು ದೊಡ್ಡ ವಿಷಯ ಅಲ್ಲ, ಅದನ್ನ ದೇಶಕ್ಕೆಲ್ಲ ಹಬ್ಬಿಸಿ ಲೆಕ್ಕ ಹಾಕೋದು ತಪ್ಪು.

ಯಾರು ನಿಂತ್ರು, ಯಾರು ನಿಲ್ಲಲಿಲ್ಲ ಅನ್ನೋದೂ ಅಷ್ಟೇ ಮುಖ್ಯ. ಒಂದು ಪಕ್ಷ ಹೋದ ಸಲ ಇರಲೇ ಇಲ್ಲ ಅಂದ್ರೆ ಅದಕ್ಕೆ ಬಂದ 20% ಪೂರ್ತಿ ಚೇಂಜ್ ಆಗತ್ತೆ, ಕೆಲವರು +20 ಅಂತ ಬರೀತಾರೆ, ಕೆಲವರು "ಹೊಸತು" ಅಂತ ಬರೀತಾರೆ. ಎಲ್ಲ ಪಕ್ಷದ ಚೇಂಜ್ ಕೂಡಿಸಿದ್ರೆ ಸೊನ್ನೆ ಬರಲೇಬೇಕಲ್ವಾ, ಹಂಗಾಗಿ ಒಬ್ಬ ಹೊಸಬ 20 ಎತ್ಕೊಂಡ್ರೆ ಉಳಿದೋರ ಪಕ್ಕ ಮೈನಸ್ಸು ತಾನಾಗೇ ಬೀಳತ್ತೆ. ಹೋದ ಸಲ ಜನಪ್ರಿಯ ಪಕ್ಷೇತರರೊಬ್ಬರು 30% ತಗೊಂಡು ಈ ಸಲ ನಿಲ್ಲದೇ ಹೋದ್ರೆ ಇದರ ಉಲ್ಟಾ, ಎಲ್ಲ ಪಕ್ಷಗಳೂ ಏರಿದಂಗೆ ಕಾಣ್ತವೆ, ನಿಜ ಅಂದ್ರೆ ಯಾರೂ ಏರಿರಲ್ಲ.

ಇನ್ನು ಹೋದ ಸಲ ಯಾವ ವರ್ಷ ಅನ್ನೋ ಪ್ರಶ್ನೆ, ಜನ ಅತಿ ಹೆಚ್ಚು ಮರೆಯೋದು ಇದನ್ನೇ. ಪ್ರತಿ ಮೇ ತಿಂಗಳ ಲೋಕಲ್ ಚುನಾವಣೆ ಆದ್ಮೇಲೆ ಬಿಬಿಸಿ ಒಂದು ಅಂದಾಜು ಕೊಡತ್ತೆ, ಇಡೀ ಬ್ರಿಟನ್ನಲ್ಲಿ ಚುನಾವಣೆ ಆಗಿದ್ರೆ ಯಾವ ಪಕ್ಷಕ್ಕೆ ಎಷ್ಟು ಬರ್ತಿತ್ತು ಅಂತ, ಅದಕ್ಕೆ ಪ್ರೊಜೆಕ್ಟೆಡ್ ನ್ಯಾಷನಲ್ ಶೇರ್ ಅಂತ ಹೆಸರು. ಕಾಲಿನ್ ರಾಲಿಂಗ್ಸ್ ಮತ್ತು ಮೈಕಲ್ ಥ್ರಾಶರ್ ಅನ್ನೋ ಇಬ್ಬರು ಪ್ರೊಫೆಸರುಗಳೂ ಇಂಥದ್ದೇ ಒಂದು ಲೆಕ್ಕ ಬಹಳ ವರ್ಷದಿಂದ ಮಾಡ್ಕೊಂಡು ಬಂದಿದ್ದಾರೆ. ಬಿಬಿಸಿ ಲೆಕ್ಕದಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 2021ರಲ್ಲಿ 36, 2022ರಲ್ಲಿ 30, 2023ರಲ್ಲಿ 26, 2024ರಲ್ಲಿ 25, 2025ರಲ್ಲಿ 15. ಲೇಬರ್ ಪಕ್ಷಕ್ಕೆ ಅದೇ ಕ್ರಮದಲ್ಲಿ 29, 35, 35, 34, 20. 2025ರ ಮೇ ತಿಂಗಳಲ್ಲಿ ರಿಫಾರ್ಮ್ ಯುಕೆ 30 ತಗೊಂಡು ಮೊದಲನೇ ಸ್ಥಾನಕ್ಕೆ ಬಂತು.

ಈ ನಂಬರ್ ಪಕ್ಕದಲ್ಲಿಟ್ಕೊಂಡು 2025ರ ಬೇಸಿಗೆಯ ಎರಡು ಬೈ-ಎಲೆಕ್ಷನ್ ಕಲ್ಪಿಸ್ಕೊಳ್ಳಿ, ಎರಡರಲ್ಲೂ ಕನ್ಸರ್ವೇಟಿವ್ –15. ಒಂದು ಸರ್‍ರಿ ಕೌಂಟಿಯಲ್ಲಿ, ಅಲ್ಲಿ 2025ಕ್ಕೆ ಆಗಬೇಕಿದ್ದ ಚುನಾವಣೆನ ಮುಂದಕ್ಕೆ ಹಾಕಿದ್ರು, ಹಂಗಾಗಿ ಹೋಲಿಕೆ 2021ರ ಜೊತೆ, ಅಂದ್ರೆ ಕೋವಿಡ್ ಲಸಿಕೆ ಹಾಕಿಸ್ಕೊಂಡು ಜನ ಆಗಿನ ಕನ್ಸರ್ವೇಟಿವ್ ಸರ್ಕಾರದ ಮೇಲೆ ಖುಷಿಯಾಗಿದ್ದ ಕಾಲದ ಜೊತೆ. ಅಲ್ಲಿಂದ ದೇಶದ ಮಟ್ಟದಲ್ಲಿ ಆ ಪಕ್ಷ 21 ಪಾಯಿಂಟ್ ಕಳ್ಕೊಂಡಿದೆ, ಇಲ್ಲಿ ಹದಿನೈದೇ ಕಳ್ಕೊಂಡಿದೆ, ಅಂದ್ರೆ ಅಲ್ಲಿನ ಅಭ್ಯರ್ಥಿ ಪರವಾಗಿಲ್ಲ, ಹಿಡಿದಿಟ್ಕೊಂಡಿದ್ದಾರೆ. ಇನ್ನೊಂದು ವಾರ್ಡಲ್ಲಿ ಹೋದ ಸಲ ಅಂದ್ರೆ 2024. ಅಲ್ಲಿಂದ ದೇಶದಲ್ಲಿ ಇಳಿದಿರೋದು ಹತ್ತೇ ಪಾಯಿಂಟ್, ಇಲ್ಲಿ ಹದಿನೈದು ಹೋಗಿದೆ, ಇದು ಕೆಟ್ಟ ಫಲಿತಾಂಶ. ಬ್ರಾಕೆಟ್ಟಲ್ಲಿ ಎರಡೂ ಕಡೆ –15. ಸೊನ್ನೆಗೆ ಹೋಲಿಸಿ ನೋಡಿದ್ರೆ ಏನೂ ತಿಳಿಯಲ್ಲ, ಆ ವರ್ಷದಿಂದ ಈ ವರ್ಷಕ್ಕೆ ದೇಶದಲ್ಲಿ ಆದ ಬದಲಾವಣೆಗೆ ಹೋಲಿಸಿದ್ರೆ ಮಾತ್ರ ಆ ವಾರ್ಡಿನ ಸುದ್ದಿ ಸಿಗತ್ತೆ. ಮಧ್ಯದಲ್ಲಿ ವಾರ್ಡಿನ ಗಡಿ ಬದಲಾಗಿದ್ರಂತೂ ಹೋಲಿಕೆನೇ ಅಂದಾಜು.

ಸ್ಕಾಟ್ಲೆಂಡಿಗೆ ಹೋದ್ರೆ ಇನ್ನೊಂದು ಗಂಟು. ಅಲ್ಲಿ 2007ರಿಂದ ಕೌನ್ಸಿಲರ್‌ಗಳನ್ನ ಆರಿಸೋದು ಎಸ್‌ಟಿವಿ (ಸಿಂಗಲ್ ಟ್ರಾನ್ಸ್‌ಫರಬಲ್ ವೋಟ್) ಪದ್ಧತಿಯಲ್ಲಿ, ಮತದಾರರು 1, 2, 3 ಅಂತ ಇಷ್ಟದ ಕ್ರಮ ಬರೀತಾರೆ, ವಾರ್ಡಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಸೀಟು. ವೋಟ್ ಶೇರ್ ಅಂದ್ರೆ ಅಲ್ಲಿ ಮೊದಲನೇ ಪ್ರಾಶಸ್ತ್ಯದ ಮತಗಳ ಪಾಲು. ನಾಲ್ಕು ಸೀಟಿನ ವಾರ್ಡಲ್ಲಿ 35% ತಗೊಂಡ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದ್ರೆ ಎಸ್‌ಎನ್‌ಪಿಗೆ ಎರಡು, ಉಳಿದ ಎರಡರಲ್ಲಿ ಒಂದು ಗ್ರೀನ್ ಪಾರ್ಟಿಗೆ ಅಂತ ಇಟ್ಕೊಳ್ಳಿ, ಆ ಗ್ರೀನ್ ಕೌನ್ಸಿಲರ್ ಬಿಟ್ಟು ಹೋದ್ರೆ ಇಡೀ ವಾರ್ಡು ಒಂದೇ ಸೀಟಿಗೆ ವೋಟು ಹಾಕತ್ತೆ, ಮುಂಚೆಯಿಂದ್ಲೂ ಮುಂದಿರೋ ಎಸ್‌ಎನ್‌ಪಿ ಗೆಲ್ಲೋ ಸಾಧ್ಯತೆನೇ ಜಾಸ್ತಿ. ಸುದ್ದಿಯಲ್ಲಿ "ಗ್ರೀನ್ ಕೈಯಿಂದ ಎಸ್‌ಎನ್‌ಪಿ ಸೀಟು ಕಿತ್ಕೊಂಡಿತು" ಅಂತ ಬರತ್ತೆ. ಎಸ್‌ಎನ್‌ಪಿ ಶೇರ್ ಇಳಿದಿದ್ರೂ ಹಂಗೇ ಬರತ್ತೆ.

ಸ್ವಿಂಗ್, ಅಂದ್ರೆ ಒಂದು ಪಕ್ಷದಿಂದ ಇನ್ನೊಂದಕ್ಕೆ ಮತ ಎಷ್ಟು ವಾಲಿತು ಅನ್ನೋ ಅಳತೆ, ಅದರ ಬಗ್ಗೆ ಒಂದೇ ಮಾತು. ಚುನಾವಣಾ ತಜ್ಞ ಡೇವಿಡ್ ಬಟ್ಲರ್ ಬಳಕೆಗೆ ತಂದ ಲೆಕ್ಕ ಇದು, ಒಂದು ಪಕ್ಷದ ಏರಿಕೆನೂ ಇನ್ನೊಂದರ ಇಳಿಕೆನೂ ಕೂಡಿಸಿ ಅರ್ಧ ಮಾಡೋದು. ಎರಡೇ ದೊಡ್ಡ ಪಕ್ಷ ಇದ್ದ ಕಾಲಕ್ಕೆ ಚೆನ್ನಾಗಿ ಹೊಂದ್ತಿತ್ತು. ನಮ್ಮ ಕಾಲ್ಪನಿಕ ವಾರ್ಡಲ್ಲಿ, ಮೊದಲನೇ ರೀತಿಯ ಲೆಕ್ಕದಲ್ಲಿ, ಲೇಬರ್ –7.9, ಕನ್ಸರ್ವೇಟಿವ್ –5.7, ಸ್ವಿಂಗ್ ಹಾಕಿದ್ರೆ ಲೇಬರ್‌ನಿಂದ ಕನ್ಸರ್ವೇಟಿವ್‌ಗೆ 1.1 ಅಂತ ಬರತ್ತೆ. ಕನ್ಸರ್ವೇಟಿವ್ ಕಳ್ಕೊಂಡಿರೋದು 5.7 ಪಾಯಿಂಟು, ಆದ್ರೂ ಅವರ ಕಡೆ ಸ್ವಿಂಗ್. ಐದು ಪಕ್ಷ ಕಣದಲ್ಲಿರೋ ಈಗಿನ ವಾರ್ಡಿಗೆ ಇದನ್ನ ಬಳಸಬೇಡಿ.

ಹಂಗಾದ್ರೆ ಈ ಫಲಿತಾಂಶಗಳಿಂದ ಏನೂ ತಿಳಿಯಲ್ವಾ? ತಿಳಿಯತ್ತೆ, ಚೆನ್ನಾಗೇ ತಿಳಿಯತ್ತೆ. ಒಪೀನಿಯನ್ ಪೋಲ್‌ನಲ್ಲಿ ಜನ ಬಾಯಲ್ಲಿ ಹೇಳ್ತಾರೆ, ಇಲ್ಲಿ ಮಳೆಯಲ್ಲಿ ನಡ್ಕೊಂಡು ಹೋಗಿ ಕ್ರಾಸ್ ಹಾಕಿರ್ತಾರೆ, ಅದಕ್ಕೇ ನಂಗೆ ಇವುಗಳ ಮೇಲೆ ಇಷ್ಟು ಗೌರವ. ಆದ್ರೆ ಒಂದು ವಾರ್ಡ್ ಹಿಡ್ಕೊಂಡು ಹೇಳ್ಬಾರ್ದು. ನಾನು ಮೂರ್ನಾಲ್ಕು ತಿಂಗಳ ಬೈ-ಎಲೆಕ್ಷನ್‌ಗಳನ್ನ ಒಟ್ಟಿಗಿಟ್ಕೊಂಡು, ಅದರಲ್ಲಿ ಎರಡು ಸಲವೂ ಅದೇ ಪಕ್ಷಗಳು ನಿಂತಿರೋ ವಾರ್ಡುಗಳನ್ನ ಮಾತ್ರ ಆರಿಸ್ಕೊಂಡು, ಹೋಲಿಕೆಯ ವರ್ಷ ಒಂದೇ ಇರೋದನ್ನ ಒಂದು ಗುಂಪು ಮಾಡಿ ನೋಡ್ತೀನಿ. ಆಮೇಲೆ ಕೌನ್ಸಿಲ್ ವೆಬ್‌ಸೈಟಿಗೆ ಹೋಗಿ ಹೋದ ಸಲದ ಪೂರ್ತಿ ಪಟ್ಟಿ ತೆಗೀತೀನಿ, ಪ್ರತಿ ಅಭ್ಯರ್ಥಿಗೆ ಎಷ್ಟು ವೋಟು, ಎಷ್ಟು ಜನ ಬಂದಿದ್ರು, ಎಲ್ಲ ಅಲ್ಲಿ ಸಾಮಾನ್ಯವಾಗಿ ಸಿಗತ್ತೆ, ಹತ್ತು ನಿಮಿಷದ ಕೆಲಸ. ಮುಂದಿನ ಗುರುವಾರ ನಿಮ್ಮ ಹತ್ತಿರದ ವಾರ್ಡಲ್ಲಿ ಏನಾದ್ರೂ ಇದ್ರೆ, ಫಲಿತಾಂಶ ಬರೋ ಮುಂಚೆನೇ ಆ ಹಳೇ ಪಟ್ಟಿ ತೆಗೆದಿಟ್ಕೊಂಡಿರಿ.