ಹಿಮ ತಾಳುವ ಹೋಸ್ಟಾ ಉಡುಪಿಯಲ್ಲಿ ಏಕೆ ಸೊರಗುತ್ತದೆ?

ಪ್ರಶ್ನೆ: ಮೈನಸ್ 30 ಡಿಗ್ರಿ ಚಳಿಯಲ್ಲೂ ಸಾಯದ ಗಿಡವೆಂದು ಓದಿ ಹೋಸ್ಟಾ ತರಿಸಿದ್ದೆ. ಮಣಿಪಾಲದ ನಮ್ಮ ಮನೆಯಲ್ಲಿ ನೆರಳಿನಲ್ಲೇ ಇಟ್ಟರೂ ವರ್ಷದಿಂದ ವರ್ಷಕ್ಕೆ ಅದರ ಎಲೆ ಸಣ್ಣದಾಗುತ್ತಿದೆ. ಏನು ಮಾಡಬೇಕು?

ಉತ್ತರ: ನಿಮ್ಮ ಗಿಡಕ್ಕೆ ಬೇಕಾಗಿರುವುದು ಚಳಿ, ಅದನ್ನು ಕರಾವಳಿಯಲ್ಲಿ ಒದಗಿಸುವುದು ಕಷ್ಟ. ಜಪಾನ್, ಕೊರಿಯಾ ಮತ್ತು ಚೀನಾ ಮೂಲದ ಹೋಸ್ಟಾದ ಎಲೆಗಳು ಹಿಮ ಬೀಳುತ್ತಲೇ ಬಾಡಿ ಮಣ್ಣು ಸೇರುತ್ತವೆ. ಬೇರುಗಳೂ ಬುಡದ ಮೊಗ್ಗುಗಳೂ ಮಾತ್ರ ನೆಲದಡಿಯಲ್ಲಿ ಸುಪ್ತಾವಸ್ಥೆಯಲ್ಲಿದ್ದು ಚಳಿಗಾಲವನ್ನು ಕಳೆಯುತ್ತವೆ. ಸುಮಾರು 5 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಹಲವು ವಾರ ಹೀಗೆ ಮಲಗಿದ್ದರಷ್ಟೇ ಆ ಮೊಗ್ಗುಗಳು ಮುಂದಿನ ಋತುವಿನಲ್ಲಿ ಪೂರ್ಣ ಬಲದಿಂದ ಚಿಗುರುತ್ತವೆ. ನಮ್ಮಲ್ಲಿ ಜನವರಿಯ ರಾತ್ರಿಯಲ್ಲೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಗಿಡಕ್ಕೆ ಆ ವಿಶ್ರಾಂತಿಯೇ ದೊರೆಯುವುದಿಲ್ಲ. ಅದರ ಮೇಲೆ, ಬೆಚ್ಚಗಿನ ರಾತ್ರಿಗಳಲ್ಲಿ ಉಸಿರಾಟದ ವೇಗ ಹೆಚ್ಚಿ, ಹಗಲಿನಲ್ಲಿ ಕೂಡಿಟ್ಟ ಆಹಾರದ ದೊಡ್ಡ ಪಾಲು ಕರಗಿಹೋಗುತ್ತದೆ. ಎಲೆ ಸಣ್ಣದಾಗುತ್ತಿರುವುದು ಇದರಿಂದಲೇ. ಮಳೆಗಾಲದಲ್ಲಿ ಬುಡ ಕೊಳೆರೋಗದ ಭಯ ಬೇರೆ.

ಗಿಡದೊಂದಿಗೆ ಬರುವ ಚೀಟಿಯಲ್ಲಿ ನಮೂದಿಸಿರುವ ಹವಾವಲಯದ ಸಂಖ್ಯೆ ಚಳಿಗಾಲದ ಕನಿಷ್ಠ ಉಷ್ಣತೆಯನ್ನು ಆಧರಿಸಿದ್ದು, ಸೆಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮಾರುವವರು ಇದನ್ನು ವಿವರಿಸುವುದು ಅಪರೂಪ. ಸುಪ್ತ ಬುಡವನ್ನು ಕೆಲವು ವಾರ ಫ್ರಿಜ್ಜಿನಲ್ಲಿಡುವ ಉಪಾಯವೊಂದಿದೆಯಾದರೂ, ಪ್ರತಿವರ್ಷ ಅಷ್ಟು ಪಾಡುಪಡುವಂಥ ಗಿಡ ಅದೆಂದು ನನಗನಿಸುವುದಿಲ್ಲ.

ಅದೇ ನೆರಳಿಗೆ ಕೆಲೇಡಿಯಂ ನೆಡುವುದು ಮೇಲು. ದಕ್ಷಿಣ ಅಮೆರಿಕದ ಈ ಗಡ್ಡೆಗಿಡವೂ ವರ್ಷಕ್ಕೊಮ್ಮೆ ಮಲಗುತ್ತದೆ, ಆದರೆ ಚಳಿಯ ಬದಲು ಒಣಹವೆಯನ್ನು ಅನುಸರಿಸಿ. ಹಾಗಾಗಿ ಅದರ ಋತುಚಕ್ರ ನಮ್ಮ ಮಳೆಗಾಲಕ್ಕೆ ಚೆನ್ನಾಗಿ ಹೊಂದುತ್ತದೆ. ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮುನ್ನ, ಮುರಕಲ್ಲಿನ ಮಣ್ಣಿಗೆ ಹೊಯಿಗೆಯನ್ನೂ ಹಳೆಯ ಹಟ್ಟಿಗೊಬ್ಬರವನ್ನೂ ಬೆರೆಸಿ, ನೀರು ನಿಲ್ಲದಂತೆ ಏರಿ ಮಾಡಿ ಗಡ್ಡೆಗಳನ್ನು ಎರಡಂಗುಲ ಆಳದಲ್ಲಿ ಊರಬೇಕು. ಮಳೆ ನಿಂತ ಮೇಲೆ ಎಲೆಗಳು ಹಳದಿಯಾಗಿ ಬಿದ್ದಾಗ ಗಿಡ ಸತ್ತಿತೆಂದು ಕಿತ್ತೆಸೆಯದೆ, ನೀರು ನಿಲ್ಲಿಸಿ, ಗಡ್ಡೆಗಳನ್ನು ತೆಗೆದು ಒಣ ಹೊಯಿಗೆಯಲ್ಲಿ ಇರಿಸಬಹುದು. ಬಿಸಿಲಿರುವ ಕಡೆಗೆ ಕ್ರೋಟನ್ ಸಾಕು.

ಒಂದು ಎಚ್ಚರಿಕೆ: ಕೆಲೇಡಿಯಂ ಕೆಸುವಿನ ಕುಟುಂಬದ್ದೇ ಆದರೂ ಅದರ ಎಲೆ ಪತ್ರೊಡೆಗೆ ಸಲ್ಲದು. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಬಾಯಿ, ಗಂಟಲನ್ನು ಉರಿಸಿ ಊದಿಸುತ್ತವೆ. ಮಕ್ಕಳಿಗೂ ದನಕರುಗಳಿಗೂ ಎಟುಕದ ಜಾಗದಲ್ಲಿ ನೆಡಿ.