ಲೇಟ್ ಪ್ರೆಸೆಂಟೇಶನ್: ತಡವಾಗಿ ಬಂದ ಹೊಟ್ಟೆನೋವು

ಸರ್ಜನ್‌ಗಳ ಬಾಯಲ್ಲಿ ಪದೇ ಪದೇ ಬರುವ ಮಾತಿದು. ಬರಬೇಕಾದ ಹೊತ್ತಿಗೆ ಬರದೆ, ಕಾಯಿಲೆ ಕೈಮೀರಿದ ಮೇಲೆ ರೋಗಿ ಆಸ್ಪತ್ರೆಗೆ ಬಂದರೆ ಅದನ್ನು ಲೇಟ್ ಪ್ರೆಸೆಂಟೇಶನ್ ಅನ್ನುತ್ತಾರೆ.

ಇದರ ಏಟು ಜಾಸ್ತಿ ಬೀಳುವುದು ಎಮರ್ಜೆನ್ಸಿ ಜನರಲ್ ಸರ್ಜರಿ ರೋಗಿಗಳಿಗೆ. ಜನರಲ್ ಅಂದರೆ ಮಾಮೂಲಿ ಅಂದುಕೊಳ್ಳಬೇಡಿ. ಊದಿಕೊಂಡ ಅಪೆಂಡಿಕ್ಸ್, ತೂತಾದ ಹೊಟ್ಟೆಹುಣ್ಣು, ಕಟ್ಟಿಕೊಂಡ ಕರುಳು, ಸಿಕ್ಕಿಹಾಕಿಕೊಂಡ ಹರ್ನಿಯಾ, ಇವೆಲ್ಲ ಇದರಲ್ಲೇ ಬರುತ್ತವೆ. ಮುಂದಿನ ತಿಂಗಳು ನೋಡೋಣ ಅನ್ನುವ ಹಾಗಿಲ್ಲ.

2020ರ ಏಪ್ರಿಲ್. ಬೆಂಗಳೂರಿಗೆ ಬೆಂಗಳೂರೇ ಬಾಗಿಲು ಹಾಕಿಕೊಂಡಿತ್ತು. ನಮ್ಮ ಎದುರು ಮನೆಯ ಹುಡುಗನಿಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂತ ಅವನಮ್ಮ ಜೀರಿಗೆ ಕಷಾಯ ಕೊಟ್ಟರು. ಮರುದಿನ ನೋವು ಬಲಗಡೆ ಕೆಳಕ್ಕೆ ಇಳಿಯಿತು. ಆಸ್ಪತ್ರೆಗೆ ಹೋದರೆ ಸುಮ್ನೆ ಕೊರೊನಾ ಹತ್ತಿಸಿಕೊಂಡು ಬರ್ತೀವಿ ಅನ್ನುವ ಭಯ. ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೇ ಮೀಸಲಾಗಿತ್ತು. ಬೇರೆಲ್ಲಿಗೆ ಹೋಗುವುದು ಅನ್ನುವುದರಲ್ಲೇ ಇನ್ನೊಂದು ದಿನ ಕಳೆಯಿತು.

ಮೂರನೇ ದಿನ ನೋವು ಒಮ್ಮೆಲೇ ಇಳಿಯಿತು. ಅವನಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡ ಇಳಿದು ಸ್ವಲ್ಪ ಹೊತ್ತು ಹಾಗೆ ಹಗುರ ಅನ್ನಿಸುವುದುಂಟು. ಅದು ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ರಾತ್ರಿ ಚಳಿಜ್ವರ ಬಂತು. ಹೊಟ್ಟೆ ಹಲಗೆಯ ಥರ ಗಟ್ಟಿಯಾಯಿತು. ನೋವು ಶುರುವಾಗಿ ಎಷ್ಟು ಗಂಟೆ ಆಯ್ತು ಅಂತ ಡಾಕ್ಟರ್ ಕೇಳಿದರೆ ಆ ತಾಯಿ ದಿನದ ಲೆಕ್ಕ ಹೇಳಿದರು. ಕೀವು ಹೊಟ್ಟೆಯೊಳಗೆಲ್ಲ ಹರಡಿತ್ತು. ಮೂಗಿನ ಸ್ವಾಬ್ ತೆಗೆದರು, ಪಿಪಿಇ ಕಿಟ್ ತೊಟ್ಟು ಆಪರೇಷನ್ ಮಾಡಿದರು. ಕೀವು ಹೊರಹೋಗಲು ಪಕ್ಕೆಗೆ ಟ್ಯೂಬ್ ಇಟ್ಟಿದ್ದರು. ಎರಡು ವಾರ ವಾರ್ಡಿನಲ್ಲಿ ಮಲಗಿ ಅವನು ಮನೆಗೆ ಬಂದ. ಕೋವಿಡ್ ಅವನಿಗೆ ಬಂದೇ ಇರಲಿಲ್ಲ.

ಸೋಂಕಿದ್ದು ಆಪರೇಷನ್ ಆದವರ ಕಥೆ ಇನ್ನೂ ಕಷ್ಟದ್ದು. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 24 ದೇಶಗಳ ಇಂಥ 1,128 ರೋಗಿಗಳ ಲೆಕ್ಕ ಬಂತು. ಎಲ್ಲ ಬಗೆಯ ಆಪರೇಷನ್‌ಗಳೂ ಅದರಲ್ಲಿದ್ದವು. ನಾಲ್ವರಲ್ಲಿ ಸುಮಾರು ಮೂವರದು ತುರ್ತು ಆಪರೇಷನ್. ಅರ್ಧದಷ್ಟು ಜನರಿಗೆ ಶ್ವಾಸಕೋಶದ ತೊಂದರೆ ಆಯಿತು. 30 ದಿನದೊಳಗೆ 23.8% ಮಂದಿ ತೀರಿಕೊಂಡರು. ಹಾಗಾಗಿ ಒಡೆಯದ ಅಪೆಂಡಿಕ್ಸ್‌ಗೆ ಕೆಲವು ಕಡೆ ಕತ್ತರಿ ಬಿಟ್ಟು ಆಂಟಿಬಯಾಟಿಕ್ ಕೊಟ್ಟು ನೋಡಿದರು. ಅದೇ ವರ್ಷ ಅಮೆರಿಕದಲ್ಲಿ ಹೊರಬಂದ ಒಂದು ದೊಡ್ಡ ಪ್ರಯೋಗದಲ್ಲಿ, ಹಾಗೆ ಮಾತ್ರೆ ಮದ್ದು ಪಡೆದ ಹತ್ತು ಜನರಲ್ಲಿ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಮಾಡಲೇಬೇಕಾಯಿತು.

ತಡ ಅಂದರೆ ರೋಗಿಯದೇ ತಪ್ಪು ಅಂತ ಯಾರೂ ತಿಳಿಯಬಾರದು. ಹರ್ನಿಯಾಗೆ ಡೇಟ್ ಕೊಟ್ಟು, ಕೋವಿಡ್ ಬಂತು ಅಂತ ಆಸ್ಪತ್ರೆಗಳೇ ಮುಂದಕ್ಕೆ ಹಾಕಿದ್ದುಂಟು. ಕಾಯುತ್ತಿರುವಾಗ ಕರುಳು ಅದರಲ್ಲಿ ಸಿಕ್ಕಿಕೊಂಡು ರಕ್ತ ಓಡಾಟ ನಿಂತರೆ, ಡೇಟ್ ಇದ್ದ ಅದೇ ರೋಗಿಯನ್ನು ನಡುರಾತ್ರಿ 108ರಲ್ಲಿ ಕರೆತರಬೇಕು.