ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಸೈಬೀರಿಯಾದವೇ?

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯಬೇಕೆಂದಿದ್ದೇವೆ. ಸೈಬೀರಿಯಾದ ಹಕ್ಕಿಗಳು ಅಲ್ಲಿಗೆ ಬರುವುದು ಯಾವ ತಿಂಗಳಲ್ಲಿ?

ಉತ್ತರ: ಜನವರಿಯಿಂದ ಮಾರ್ಚ್‌ವರೆಗೆ ಯಾವ ದಿನವಾದರೂ ಬೆಳಗಿನ ಹೊತ್ತು ಹೋಗಿ, ಗೂಡುಗಳಲ್ಲಿ ಮರಿಗಳನ್ನೂ ನೋಡಬಹುದು. ತಿಂಗಳ ವಿಚಾರ ಇಷ್ಟೇ. ಆದರೆ ಪ್ರಶ್ನೆಯೊಳಗೆ ಸೇರಿಕೊಂಡಿರುವ ‘ಸೈಬೀರಿಯಾ’ವನ್ನು ನಾನು ಪ್ರತಿ ವರ್ಷವೂ ತಿದ್ದುತ್ತ ಬಂದಿದ್ದೇನೆ. ಅದು ಮಕ್ಕಳ ನೋಟ್‌ಪುಸ್ತಕಕ್ಕೆ ಇಳಿಯುವ ಮೊದಲು ಮತ್ತೊಮ್ಮೆ ತಿದ್ದಲೇಬೇಕು.

ಮದ್ದೂರು ತಾಲ್ಲೂಕಿನ ಈ ಊರಿನ ಮರಗಳಲ್ಲಿ ನೆಲೆಸುವ ಹಕ್ಕಿಗಳಲ್ಲಿ ಮುಖ್ಯವಾದವು ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ. ಇವು ಅಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸುತ್ತವೆ. ಚಳಿಗಾಲ ಕಳೆಯಲು ಉತ್ತರದಿಂದ ಬರುವ ವಲಸೆ ಹಕ್ಕಿ ಹೀಗೆ ಮಾಡುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತನ್ನೇ ನೋಡಿ: ಅದು ನಿಜಕ್ಕೂ ಹಿಮಾಲಯದಾಚೆಯ ಟಿಬೆಟ್, ಮಂಗೋಲಿಯಾಗಳ ಕಡೆಯಿಂದ ಬರುತ್ತದೆ, ತಿಂಗಳುಗಟ್ಟಲೆ ಇಲ್ಲಿ ಮೇಯುತ್ತದೆ, ಆದರೆ ಒಂದೇ ಒಂದು ಮೊಟ್ಟೆಯನ್ನೂ ಇಡದೆ ಹಿಂದಿರುಗುತ್ತದೆ; ಏಕೆಂದರೆ ಅದರ ತೊಟ್ಟಿಲಿರುವುದು ಅಲ್ಲಿ. ಹೆಜ್ಜಾರ್ಲೆಯ ತೊಟ್ಟಿಲಿರುವುದು ಇಲ್ಲಿ. ಜಗತ್ತಿನಲ್ಲಿ ಅದು ಸಂತಾನೋತ್ಪತ್ತಿ ಮಾಡುವುದು ಮುಖ್ಯವಾಗಿ ಭಾರತ, ಶ್ರೀಲಂಕಾ, ಕಾಂಬೋಡಿಯಾಗಳಲ್ಲಿ. ಸೈಬೀರಿಯಾದಲ್ಲಿ ಅದು ಇಲ್ಲವೇ ಇಲ್ಲ. ರಂಗನತಿಟ್ಟಿನಲ್ಲಿಯೂ, ಆಂಧ್ರದ ನೇಲಪಟ್ಟು, ತೇಲಿನೀಲಾಪುರಗಳಲ್ಲಿಯೂ ಗೂಡು ಕಟ್ಟುವುದು ಇದೇ ಹೆಜ್ಜಾರ್ಲೆ.

ಹಾಗಿದ್ದರೆ ಉಳಿದ ತಿಂಗಳುಗಳಲ್ಲಿ ಅವು ಕಾಣುವುದಿಲ್ಲವೇಕೆ ಎಂದು ಕೂಡಲೇ ಕೇಳುತ್ತಾರೆ. ಮಳೆಗಾಲ ಮುಗಿದು ಕೆರೆಗಳು ತುಂಬಿ, ಮೀನು ಹೇರಳವಾಗಿರುವ ಕಾಲಕ್ಕೆ ಸರಿಯಾಗಿ ಅವು ಬೆಳ್ಳೂರಿಗೆ ಸೇರುತ್ತವೆ. ಮರಿಗಳ ರೆಕ್ಕೆ ಬಲಿತ ಮೇಲೆ, ಮೇ-ಜೂನ್ ವೇಳೆಗೆ, ನೀರಿರುವ ಕೆರೆಗಳಿಗೆ ಚದುರುತ್ತವೆ. ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ಪತ್ರಿಕೆಗಳ ‘ವಿದೇಶಿ ಅತಿಥಿ’ಗಿಂತ ಈ ಮಾತು ವಿಜ್ಞಾನಕ್ಕೆ ಎಷ್ಟೋ ಹತ್ತಿರವಾಗಿದೆ. ಹಿಂದೆ ಪ್ಲೇಗಿಗೆ ಹೆದರಿ ಶಿಂಷಾ ನದಿಯ ದಡದ ಹಳೆಯ ಊರನ್ನು ಬಿಟ್ಟಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ.

ನಾನು ಇದನ್ನು ಇಷ್ಟು ಪಟ್ಟುಹಿಡಿದು ಹೇಳುವುದಕ್ಕೆ ಕಾರಣವಿದೆ. ಹಕ್ಕಿ ಪರದೇಶದ್ದೆಂದುಕೊಂಡರೆ ಜೂನ್ ನಂತರ ಅದರ ಗತಿಯೇನೆಂದು ಯಾರೂ ಚಿಂತಿಸುವುದಿಲ್ಲ. ಅದು ಆಗಲೂ ನಮ್ಮ ಕೆರೆಗಳ ಮೀನನ್ನೇ ತಿಂದು ಬದುಕುತ್ತಿರುತ್ತದೆ. ಕೊಳಚೆ ಸೇರಿದ ಕೆರೆಯ ಪರಿಣಾಮ ಅದಕ್ಕೂ ತಟ್ಟುತ್ತದೆ. 2017-18ರಲ್ಲಿ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕಿದ್ದವು.

ಯಾರೂ ಕೇಳದಿದ್ದರೂ ಹೇಳಬೇಕಾದದ್ದು ಮರದ ಒಡೆಯರ ವಿಚಾರ. ಹಕ್ಕಿಗಳು ಕೂರುವ ಹುಣಸೆ ಮರಗಳು ಮನೆಗಳ ಹಿತ್ತಿಲಲ್ಲೇ ಇವೆ, ಮತ್ತು ಗೂಡುಗಳಿರುವಾಗ ಮನೆಯವರು ಹುಣಸೆ ಬಡಿಯದೆ ಫಸಲು ಬಿಟ್ಟುಕೊಡುತ್ತಾರೆ. ಮರದಡಿ ಬಿದ್ದ ಹಿಕ್ಕೆ ಗೊಬ್ಬರವಾಗಿ ಹೊಲ ಸೇರುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದ ನಂತರ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಟು ಮಾಡಿತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಒತ್ತಾಸೆಯಿಂದ ಊರಿನ ಯುವಕರು ಕಟ್ಟಿಕೊಂಡ ‘ಹೆಜ್ಜಾರ್ಲೆ ಬಳಗ’ದ ಕೆಲಸವನ್ನು ಮಕ್ಕಳಿಗೆ ವಿವರವಾಗಿ ಹೇಳಿ. ಗೂಡಿನಿಂದ ನೆಲಕ್ಕೆ ಬಿದ್ದ ಮರಿಗೆ ತಾಯಿ ಕೆಳಗಿಳಿದು ಉಣಿಸುವುದಿಲ್ಲ. ಬಳಗದವರು ಅಂಥ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವ ಶಕ್ತಿ ಬಂದ ಮೇಲೆ ಹಾರಿಬಿಟ್ಟರು. ಬಿದ್ದ ಮರಿ ಕಂಡರೆ ನೀವೇ ಎತ್ತಿಕೊಳ್ಳದೆ ಊರಿನವರಿಗೆ ತಿಳಿಸಿ. ಪ್ರವಾಸದ ಮರುವಾರ ಮಕ್ಕಳನ್ನು ನಿಮ್ಮೂರ ಕೆರೆಯ ಏರಿಗೂ ಕರೆದೊಯ್ಯಿರಿ: ಗೂಡಿನಲ್ಲಿ ಕಂಡ ಬಣ್ಣದ ಕೊಕ್ಕರೆ ಅಲ್ಲಿಯೂ ಮೀನು ಹುಡುಕುತ್ತಿರಬಹುದು.